ಯಾವ ಗುಡಿಯದೂ ಅಲ್ಲದ ಪ್ರಸಾದ

ಶಹಾಪುರ
30-9-1999, ಗುರುವಾರ

ಪ್ರೀತಿಯ ಮಗ ಹಂಪಣ್ಣನಿಗೆ ನಿನ್ನ ಅವ್ವನ ತುಂಬು ಮನಸ್ಸಿನ ಆಶೀರ್ವಾದಗಳು.

ಹೇಗಿದ್ದೀ? ಪುಣೆಯಲ್ಲಿ ಮಳೆ ನಿಂತಿತೇ? ಹೋದ ಸಲ ಫೋನಿನಲ್ಲಿ ಬಹಳ ಕೆಮ್ಮುತ್ತಿದ್ದಿ. ಅದಕ್ಕೆ ಏನು ತೆಗೆದುಕೊಂಡಿ ಎಂದು ಕೇಳುವಷ್ಟರಲ್ಲಿ "ಇಡ್ತೀನವ್ವಾ, ಕ್ಲಾಸಿಗೆ ಹೊತ್ತಾತು" ಎಂದು ಇಟ್ಟೇಬಿಟ್ಟಿ. ಕಾಗದ ಬರೆಯುವುದರಲ್ಲಿ ಅದೊಂದು ಸುಖ, ನಾನು ಮುಗಿಸುವತನಕ ನಿನಗೆ ಇಡಲು ಬರುವುದಿಲ್ಲ. ಡಾಕ್ಟರನಾದ ಮೇಲೂ ಮತ್ತೆ ಓದಲು ಹೋದಿಯಲ್ಲ, ಮೆಸ್ಸಿನ ಊಟ ಹೊಟ್ಟೆಗೆ ಒಗ್ಗಿದೆಯೇ? ಸಣ್ಣವನಿದ್ದಾಗಿನಿಂದ ನಿನ್ನ ಹೊಟ್ಟೆ ನಾಜೂಕು. ಬಿಸಿ ಇದ್ದರೆ ಉಣ್ಣು, ಇಲ್ಲದಿದ್ದರೆ ಎರಡು ಬಾಳೆಹಣ್ಣು ತಿಂದು ಮಲಗು. ಹೊಟ್ಟೆಯ ಮಾತನ್ನು ಯಾಕೆ ಮೊದಲೇ ತೆಗೆದೆ ಎಂಬುದು ಮುಂದೆ ತಿಳಿಯುತ್ತದೆ.

ನನ್ನ ವಿಷಯ ಹೇಳಬೇಕೆಂದರೆ, ಬಚ್ಚಲಲ್ಲಿ ಜಾರಿ ಮುರಿದುಕೊಂಡ ಎಲುಬು ಕೂಡುತ್ತಿದೆಯಂತೆ. ನೀನು ಇಟ್ಟು ಹೋದ ಸಣ್ಣ ಡಾಕ್ಟರ ಹಾಗೆ ಹೇಳುತ್ತಾನೆ. ಅವನ ಮುಖ ನೋಡಿದರೆ ಆ ಮಾತಿನ ಮೇಲೆ ನನಗಿಂತ ಅವನಿಗೇ ನಂಬಿಕೆ ಕಡಿಮೆ. ವಾಕರ್ ಹಿಡಿದು ಅಡ್ಡಾಡುತ್ತೇನೆ, ಪುಣ್ಯ. ಸ್ವಂತ ಮಗನ ನರ್ಸಿಂಗ್ ಹೋಮಿನಲ್ಲಿ ನನಗೆ ಸಿಕ್ಕಿದ್ದು ಅಡಿಗೆಮನೆಯ ಎದುರಿನ ಕೋಣೆ. ಗಾಳಿ ಬೆಳಕಿನ ಕೋಣೆಗಳೆಲ್ಲ ಭೀಮರಾಯನಗುಡಿಯ ಕಾಲುವೆ ಕ್ಯಾಂಪಿನ ಎಂಜಿನಿಯರರ ಮನೆಯವರಿಗೆ ಮೀಸಲಂತೆ. ಇರಲಿ, ನಾನೇನು ಕಾಲುವೆ ತೋಡಿದವಳಲ್ಲ. ಆದರೆ ಬಾಗಿಲು ತೆರೆದಿಟ್ಟರೆ ಒಲೆ, ಕಟ್ಟೆ, ನಿನ್ನ ಆ ದೊಡ್ಡ ಫ್ರಿಜ್ಜು ಎಲ್ಲವೂ ಮಲಗಿದಲ್ಲಿಂದಲೇ ಕಾಣುತ್ತವೆ. ಬೇರೆ ಕೆಲಸವಿಲ್ಲದ ಮುದುಕಿಯನ್ನು ಅಂಥ ಜಾಗದಲ್ಲಿ ಮಲಗಿಸಬಾರದಿತ್ತು.

ನಿನ್ನ ಹೆಂಡತಿಯ ತಮ್ಮ ಬಸವಂತ್ರಾಯನನ್ನು ಮ್ಯಾನೇಜರ್ ಮಾಡಿ ಹೋದಿಯಲ್ಲ, ಅವನ ಸುದ್ದಿ ಕೇಳು. ಬೆಳಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು, ಕೀಲಿಕೈಗಳ ಗೊಂಚಲನ್ನು ಬೆರಳಿಗೆ ಸುತ್ತುತ್ತ ಬರುತ್ತಾನೆ. ಅದರಲ್ಲಿ ಅರ್ಧಕ್ಕೆ ಬೀಗವೇ ಇಲ್ಲ, ಸಪ್ಪಳ ಆಗಲಿ ಎಂದು ಇಟ್ಟುಕೊಂಡಿದ್ದಾನೆ. ಬಾಯಿ ತೆರೆದರೆ "ಸಿಸ್ಟಮ್ ಐತ್ರಿ ಅತ್ತಿ, ನಮ್ಮಲ್ಲಿ ಎಲ್ಲಾದಕ್ಕೂ ಸಿಸ್ಟಮ್ ಐತಿ" ಎನ್ನುತ್ತಾನೆ. ನಿನ್ನ ಹೆಂಡತಿ ಚಂದಮ್ಮ ಒಳ್ಳೆಯವಳು, ಅವಳ ಬಗ್ಗೆ ನನ್ನ ತಕರಾರಿಲ್ಲ. ತವರಿನಿಂದ ಬಂಗಾರ ತರುವಾಗ ಈ ತಮ್ಮನನ್ನೂ ತಂದಳಲ್ಲ, ಅದೊಂದೇ ನನಗೆ ನುಂಗಲಾಗದ ತುತ್ತು.

ಸಿಸ್ಟಮ್ ನಿನ್ನದೇ, ಹೌದು. ಹೈದರಾಬಾದಿನ ಯಾವುದೋ ದೊಡ್ಡ ಆಸ್ಪತ್ರೆಯಲ್ಲಿ ನೋಡಿಕೊಂಡು ಬಂದಿ. ಬೇಯಿಸಿದ ಪ್ರತಿ ಪಾತ್ರೆಯ ಮೇಲೂ ಚೀಟಿ ಇರಬೇಕು, ಒಳಗೆ ಏನಿದೆ, ಯಾವಾಗ ಮಾಡಿದ್ದು, ಯಾವಾಗ ಚೆಲ್ಲಬೇಕು ಎಂದು ಬರೆದಿರಬೇಕು. ಒಳ್ಳೆಯ ನಿಯಮ, ಬೇಡ ಅನ್ನುವವರು ಯಾರು? ಆದರೆ ಅದನ್ನು ಇಂಗ್ಲಿಷಿನಲ್ಲಿ ಬರೆಸಿ, ಗಾಜು ಹಾಕಿಸಿ, ಗೋಡೆಗೆ ಹೊಡೆಸಿ ಹೋದಿ. ಓದಬೇಕಾದವಳು ಅಡಿಗೆಯ ಶೇಖಮ್ಮ. ಅವಳಿಗೆ ಬರೆಯಲು ಬರುವುದು ತನ್ನ ಹೆಸರು ಮಾತ್ರ, ಅದೂ ಕನ್ನಡದಲ್ಲಿ, ಅದೂ ಕೈ ನೋಯುತ್ತದೆ ಎಂದು ನಡುವೆ ಒಮ್ಮೆ ನಿಲ್ಲಿಸಿ. ಅವಳು ಆ ಗಾಜಿನ ಪಟವನ್ನು ಯಾವುದೋ ಸ್ತೋತ್ರ ಎಂದು ತಿಳಿದು ಹಬ್ಬಕ್ಕೊಮ್ಮೆ ಒರೆಸಿ ಊದಿನಕಡ್ಡಿ ಬೆಳಗುತ್ತಾಳೆ. ನಾನು ನಕ್ಕಿದ್ದಕ್ಕೆ ಸಿಟ್ಟು ಮಾಡಿಕೊಂಡಳು.

ಚೀಟಿ ಬರೆಯುವ ಅಧಿಕಾರ ಬಸವಂತ್ರಾಯನದು. ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿಯನ್ನೇ ಹರಿದು ಪಾತ್ರೆಗೆ ಅಂಟಿಸಿ ಬರೆಯುತ್ತಾನೆ. ಚೆಲ್ಲುವ ದಿನ ಬಂತೆನ್ನು, ಚೆಲ್ಲುವುದಿಲ್ಲ, ಹಳೆಯ ಪಟ್ಟಿಯ ಮೇಲೆ ಹೊಸ ಪಟ್ಟಿ ಅಂಟಿಸಿ ಹೊಸ ತಾರೀಖು ಬರೆಯುತ್ತಾನೆ. ಒಂದು ಸಾರಿನ ಡಬರಿಯ ಮೇಲೆ ಅಷ್ಟು ಪಟ್ಟಿಗಳು ಕೂತು, ನನಗಿಂತ ಅದಕ್ಕೇ ಹೆಚ್ಚು ಪೆಟ್ಟಾದಂತೆ ಕಾಣುತ್ತಿತ್ತು. ಏನಪ್ಪಾ ಇದು ಎಂದು ಕೇಳಿದರೆ "ತಾರೀಖ ಹಳೇದಾಗಿತ್ರಿ ಅತ್ತಿ, ಹೊಸಾದು ಹಚ್ಚೇನಿ" ಎಂದ. ಸಾರು ಹಳೆಯದಾಗಿರಲಿಲ್ಲವಂತೆ, ತಾರೀಖು ಹಳೆಯದಾಗಿತ್ತಂತೆ! ಫ್ರಿಜ್ಜಿನ ಕಥೆಯೂ ಅಷ್ಟೇ. ಇಲ್ಲಿ ಕರೆಂಟು ಬರುವುದಕ್ಕಿಂತ ಹೋಗುವುದೇ ಹೆಚ್ಚು, ಜನರೇಟರ್ ಆಪರೇಷನ್ ಕೋಣೆಗೆ ಮಾತ್ರ. ಮಧ್ಯಾಹ್ನದ ಹೊತ್ತಿಗೆ ಅದೊಂದು ಬಿಳಿ ಬಣ್ಣದ ಕಪಾಟು, ಬಾಗಿಲು ತೆರೆದರೆ ಮುಗ್ಗಲು ವಾಸನೆ. ಇಂಜೆಕ್ಷನ್ ಬಾಟಲಿಗಳು ಮತ್ತು ರುಬ್ಬಿದ ಹಿಟ್ಟು ಒಂದೇ ಹಲಗೆಯ ಮೇಲೆ ನೆಂಟರಂತೆ ಕೂತಿರುತ್ತವೆ.

ನಿನಗೆ ನೆನಪಿರಬೇಕು, ಕಾಲುವೆ ಬರುವ ಮೊದಲು ನಮ್ಮ ಸೀಮೆಯಲ್ಲಿ ಕೆಡುವಂಥ ಊಟವೇ ಇರಲಿಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ. ತಿಂಗಳುಗಟ್ಟಲೆ ಇಟ್ಟರೂ ಅವುಗಳಿಗೆ ಏನೂ ಆಗುತ್ತಿರಲಿಲ್ಲ, ನಮ್ಮ ಹಲ್ಲಿಗೆ ಆಗುತ್ತಿತ್ತು. ನೀರು ಬಂತು, ಹೊಲವೆಲ್ಲ ಭತ್ತದ ಗದ್ದೆಯಾಯಿತು, ಅನ್ನ, ಹಾಲು, ಮೊಸರು ಎಂದು ಊಟ ಮೆತ್ತಗಾಯಿತು. ಮೆತ್ತಗಿನ ಊಟ ಇಡುವುದು ಹೇಗೆಂದು ಮಾತ್ರ ಯಾರೂ ಕಲಿಯಲಿಲ್ಲ. ಅದಕ್ಕೇ ಹಳ್ಳಿಯಿಂದ ಬರುವ ರೋಗಿಗಳಿಗೆ ಮನೆಯವರು ಈಗಲೂ ರೊಟ್ಟಿಯ ಗಂಟು ಕಟ್ಟಿ ತರುತ್ತಾರೆ. ದೋರನಹಳ್ಳಿಯ ತಿಮ್ಮವ್ವ ಎಂಬಾಕೆ ಪಿತ್ತದ ಕಲ್ಲು ತೆಗೆಸಿಕೊಂಡು ನನ್ನ ಪಕ್ಕದ ಕೋಣೆಯಲ್ಲಿದ್ದಳು. ಹೊಲಗೆಲಸ ಮಾಡಿಯೇ ಮಗ ಹಣಮಂತ್ರಾಯನನ್ನು ಓದಿಸಿದವಳು, ಅವನು ಈಗ ಸುರಪುರದ ಕಡೆ ಮಾಸ್ತರನಾಗಿದ್ದಾನೆ. ಗಾಯ ಮಾಯುತ್ತ ಬಂದು, ಮೆತ್ತಗಿನದು ಬೇಜಾರಾಗಿದೆ ಎಂದಳೆಂದು ಅವನು ಒಂದು ಗಂಟು ಕಟಕ ರೊಟ್ಟಿ ತಂದ. ಅವ್ವ ಸಾರಿನಲ್ಲಿ ನೆನೆಸಿಕೊಂಡು ತಿನ್ನುತ್ತಾಳೆ ಎಂದ. ಬಸವಂತ್ರಾಯ ಗಂಟು ಬಿಚ್ಚಿ, ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಇದಕ್ಕ ಚೀಟಿ ಇಲ್ಲ, ತಾರೀಖಿಲ್ಲ, ನಡ್ಯಂಗಿಲ್ಲ" ಎಂದು ಹೊರಗೆ ಎಮ್ಮೆಗೆ ಹಾಕಿಸಿದ. ಎಮ್ಮೆಗೆ ಏನೂ ಆಗಲಿಲ್ಲ. ಆಗುವುದೂ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬಸವಂತ್ರಾಯನ ಮಗಳಿಗೆ ತೊಟ್ಟಿಲ ಶಾಸ್ತ್ರ ಮಾಡಿದರು. ಊಟಕ್ಕೆ ಕರೆದದ್ದು ಅರ್ಧ ಊರನ್ನು, ಬಂದದ್ದು ಅದರ ಅರ್ಧ. ಹಾಲು ಹಾಕಿದ ಗೋಧಿ ಹುಗ್ಗಿ ಒಂದು ದೊಡ್ಡ ಡಬರಿ ಉಳಿಯಿತು. ಆ ಹಾಲು ಕೂಡ ನಿನ್ನ ಆಸ್ಪತ್ರೆಯದೇ ಎಂದು ಶೇಖಮ್ಮ ಹೇಳುತ್ತಾಳೆ. ಮನೆಯಲ್ಲಿ ಜಾಗವಿಲ್ಲವೆಂದು ಡಬರಿಯನ್ನು ತಂದು ಇಲ್ಲಿಯ ಫ್ರಿಜ್ಜಿಗೆ ತುರುಕಿದ. ಅಲ್ಲಿಯೇ ಮರೆತ. ಆಮೇಲೆ ಒಂದು ಮಧ್ಯಾಹ್ನ, ಆಸ್ಪತ್ರೆಗಳ ಊಟ ತಪಾಸಣೆ ಮಾಡಲು ಒಬ್ಬ ಸಾಹೇಬ ಬರುತ್ತಿದ್ದಾನೆ ಎಂದು ಸುದ್ದಿ ಬಂತು. ನೋಡಬೇಕಾಗಿತ್ತು ನಮ್ಮ ಮ್ಯಾನೇಜರನ ಓಡಾಟ! ಸಾರು ಚೆಲ್ಲಿದ, ಹಿಟ್ಟು ಚೆಲ್ಲಿದ, ಪಟ್ಟಿಗಳನ್ನು ಕೆರೆದು ತೆಗೆದ. ಹುಗ್ಗಿಯ ಡಬರಿಯನ್ನು ಒಬ್ಬನೇ ಎತ್ತಲು ಆಗಲಿಲ್ಲ, ಸಾಹೇಬನ ಜೀಪು ಆಗಲೇ ಗೇಟಿನಲ್ಲಿ. ಆಗ ಏನು ಮಾಡಿದ ಗೊತ್ತೇ? ಅವನ ಬೆನ್ನು ಅಡ್ಡವಿದ್ದು ನನಗೆ ಆಗ ಕಾಣಲಿಲ್ಲ, ಆಮೇಲೆ ತಿಳಿಯಿತು. ಡಬರಿಗೆ ಮೂರು ಬೆರಳಿನಿಂದ ಇಭೂತಿ ಎಳೆದ, ಮೇಲೊಂದು ಸೇವಂತಿಗೆ ಇಟ್ಟ, ಬಿಳಿ ಪಟ್ಟಿಯ ಮೇಲೆ ದಪ್ಪಕ್ಷರದಲ್ಲಿ 'ಪ್ರಸಾದ' ಎಂದು ಬರೆದ.

ಸಾಹೇಬ ಫ್ರಿಜ್ಜಿನ ಬಾಗಿಲು ತೆರೆದ. ನೋಡಿದ. ಬೂಟು ಕಳೆದ. ನಾನು ಸುಳ್ಳು ಹೇಳುತ್ತಿಲ್ಲ, ಫ್ರಿಜ್ಜಿನ ಮುಂದೆ ಬೂಟು ಕಳೆದು ನಿಂತು, ಡಬರಿಯ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಮುಚ್ಚಳ ತೆಗೆಯಲಿಲ್ಲ, ಯಾವಾಗಿನದು ಎಂದು ಕೇಳಲಿಲ್ಲ. ದೇವರನ್ನು ತಾರೀಖು ಕೇಳುವ ಧೈರ್ಯ ನಮ್ಮ ಸೀಮೆಯಲ್ಲಿ ಯಾವ ಸಾಹೇಬನಿಗಿದೆ? ಬಹಳ ಸ್ವಚ್ಛ ಇಟ್ಟಿದ್ದೀರಿ ಎಂದು ಹೊಗಳಿ, ಚಹಾ ಕುಡಿದು ಹೋದ. ಸಾಹೇಬನ ಭಕ್ತಿ ಕಂಡು, ಯಾವುದೋ ಗುಡಿಯಿಂದ ಬಂದದ್ದು ಇರಬೇಕೆಂದು ನಾನೂ ಮಲಗಿದಲ್ಲಿಂದಲೇ ಕೈ ಮುಗಿದೆ. ಬಸವಂತ್ರಾಯನ ಮನೆಯ ಹಳಸಿದ ಹುಗ್ಗಿಗೆ ನನ್ನ ಕೈಯಿಂದ ನಮಸ್ಕಾರ ಮಾಡಿಸಿಕೊಂಡನಲ್ಲ, ಆ ಸಿಟ್ಟು ನನಗೆ ಸಾಯುವತನಕ ಹೋಗುವುದಿಲ್ಲ. ಅಂದಹಾಗೆ, ಆ ತಲೆಗೆ ಇಂಥ ಯುಕ್ತಿ ಎಲ್ಲಿಂದ ಹೊಳೆಯಿತು ಎಂಬುದೇ ನನಗೆ ಬಗೆಹರಿಯದ ಮಾತಾಗಿತ್ತು.

ಸಾಹೇಬ ಹೋದಮೇಲಾದರೂ ಚೆಲ್ಲಬೇಕಲ್ಲ? ಶೇಖಮ್ಮನಿಗೆ ಹೇಳಿದನಂತೆ, ಅವಳು ಕೆನ್ನೆ ಬಡಿದುಕೊಂಡಳಂತೆ. ಇಭೂತಿ ಇದ್ದ ಡಬರಿಯನ್ನು ಗಟಾರಕ್ಕೆ ಸುರಿಯುವ ಹೆಂಗಸು ಇಲ್ಲಿ ಹುಟ್ಟಿಲ್ಲ. ನಿಜ ಏನೆಂದು ಅವಳಿಗೆ ಹೇಳಲು ಇವನಿಗೆ ಬಾಯಿ ಬರಲಿಲ್ಲ, ತಾನೇ ಚೆಲ್ಲಲು ಇಸ್ತ್ರಿ ಅಂಗಿ ಬಿಡಲಿಲ್ಲ. ಅವಳು ದಿನಾ ಬೆಳಗ್ಗೆ ಹೂವು ಬದಲಿಸುತ್ತ ಹೋದಳು. ನಡುವೆ ಕರೆಂಟು ಹೋಗುತ್ತ ಬರುತ್ತ ಇತ್ತು. ಸೋಮವಾರ ಬಂತು, ಪ್ರಸಾದ ಹೀಗೆ ಇಡಬಾರದು, ಹಂಚಿಬಿಡೋಣ ಎಂದು ಅವಳೇ ಬಿಸಿ ಮಾಡಿದಳು. ಆಗಲಾದರೂ ಬೇಡ ಎನ್ನಬಾರದೇ? ಎಂಜಿನಿಯರರ ಮನೆಯ ಹೆಂಗಸರು ನೋಡುತ್ತಿದ್ದಾರೆ ಎಂದು ಇವನು ಭುಜದ ಮೇಲೆ ಶಲ್ಯ ಹೊದ್ದುಕೊಂಡು ತಾನೇ ಕೋಣೆ ಕೋಣೆಗೆ ಹೋಗಿ ಹಂಚಿದ. ತಾನು ಮಾತ್ರ ತಿನ್ನಲಿಲ್ಲ, ಸೋಮವಾರದ ಉಪವಾಸವಂತೆ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲ ಹಿಂದೆ ನಿಂತು ಮಿರ್ಚಿ ಭಜಿ ತಿಂದ ಉಪವಾಸ ಅದು, ನಾನು ನೋಡಿದ್ದೇನೆ. ನನಗೆ ಸಕ್ಕರೆ ಕಾಯಿಲೆ ಇದೆ ಎಂದು ಕಣ್ಣಿಗೆ ಒತ್ತಿಕೊಂಡು ವಾಪಸು ಕೊಟ್ಟೆ.

ತಿಮ್ಮವ್ವ ವಾಪಸು ಕೊಡಲಿಲ್ಲ. ರೊಟ್ಟಿ ಎಮ್ಮೆಯ ಪಾಲಾಗಿತ್ತಲ್ಲ, ಹಸಿದಿದ್ದಳು. ಅಷ್ಟೇ ಅಲ್ಲ. ಬಸವಂತ್ರಾಯ ಅವಳ ಬೊಗಸೆಯಲ್ಲಿ ತನ್ನ ಕೈಯಿಂದ ಇಟ್ಟ. "ಸಾವ್ಕಾರ ಮನಿಯವ್ರು ನನ್ನ ಕೈ ಮುಟ್ಟಿ ಪ್ರಸಾದ ಇಟ್ರು ನೋಡೋ ತಮ್ಮಾ" ಎಂದು ಮಗನಿಗೆ ಹೇಳಿದ್ದು ಗೋಡೆಯ ಈಚೆ ನನಗೆ ಕೇಳಿಸಿತು. ಅವಳು ಒಂದು ಕಾಲಕ್ಕೆ ನಮ್ಮ ಜೋಳದ ಅಂಗಡಿಯ ಕಟ್ಟೆಯ ಕೆಳಗೆ ನಿಂತು ಸೆರಗು ಒಡ್ಡಿದವಳು, ನಮ್ಮವರು ಮುಟ್ಟದೆ ಮೇಲಿನಿಂದ ಹಾಕುತ್ತಿದ್ದರು. ಆ ಖುಷಿಗೆ ಒಂದು ಕಾಳನ್ನೂ ಬಿಡಲಿಲ್ಲ. ಗಾಯದ ನೋವಿಗೆ ಕೈ ಎತ್ತಲಾಗದೆ ಸುಸ್ತಾದಾಗ ಉಳಿದದ್ದನ್ನು ಹಣಮಂತ್ರಾಯನೇ ತುತ್ತು ಮಾಡಿ ಉಣಿಸಿದ.

ಸಂಜೆಗೆ ವಾಂತಿ ಭೇದಿ ಹತ್ತಿತು. ಇನ್ನೂ ಇಬ್ಬರಿಗೆ ಹತ್ತಿತ್ತು, ಅವರು ಗಟ್ಟಿಗರು, ಚೇತರಿಸಿಕೊಂಡರು. ತಿಮ್ಮವ್ವನ ಮೈ ತಣ್ಣಗಾಗಿ, ಉಚ್ಚೆ ಕಟ್ಟಿ, ಸಣ್ಣ ಡಾಕ್ಟರ ಹೆದರಿ ಕಲಬುರ್ಗಿಗೆ ಕಳಿಸಿದ. ಅಲ್ಲಿ ಚೆನ್ನಾಗಿ ನೋಡುತ್ತಿದ್ದಾರಂತೆ, ಆದರೆ ಉಳಿಯುತ್ತಾಳೆ ಎಂದು ಯಾರೂ ಹೇಳುತ್ತಿಲ್ಲ. ಗಾಡಿಗೆ ಹತ್ತಿಸುವಾಗ ಮಗ ಹುಚ್ಚನಂತೆ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದನಂತೆ. ಅದಕ್ಕೂ ಮೊದಲು ಪಕ್ಕದ ಕೋಣೆಯಲ್ಲೇ, ಪ್ರಸಾದ ತಿಂದವರಿಗೆ ಹೀಗಾಗುತ್ತದೆಯೇ ಎಂದು ಬಸವಂತ್ರಾಯನನ್ನು ಕೇಳಿದ. ಇವನು ಏನೆಂದ ಗೊತ್ತೇ? "ಪ್ರಸಾದದಾಗ ದೋಷ ಇರಂಗಿಲ್ಲಪ್ಪ ಮಾಸ್ತರ, ಉಣಿಸಿದ ಕೈಯಾಗ ಇರಬೇಕು, ನೋಡ್ಕೋ." ಹಂಪಣ್ಣಾ, ಹಳಸಿದ್ದನ್ನು ಉಣಿಸಿದ್ದಕ್ಕಿಂತ ಆ ಮಾತು ನನಗೆ ಹೇಸಿಗೆ. ಉಗುಳಬೇಕೆನಿಸಿತು, ನಡುವೆ ಗೋಡೆ ಇತ್ತು.

ಮರುದಿನ ಕರೆದು ಯಾವ ಗುಡಿಯ ಪ್ರಸಾದ ಎಂದು ಕೇಳಿದೆ. ಕೊಡೇಕಲ್ಲಿನದು ಎಂದ. ಊಟವಾದ ಮೇಲೆ ಮತ್ತೆ ಕೇಳಿದೆ, ಬೇರೆ ಗುಡಿ ಹೇಳಿದ. ಮೂರನೆಯ ಸಲ ಕೇಳಿದಾಗ ಶೇಖಮ್ಮನೂ ಅಲ್ಲೇ ನಿಂತಿದ್ದಳು, ಬೆವೆತುಕೊಂಡು ತೊಟ್ಟಿಲ ಶಾಸ್ತ್ರದ ಹುಗ್ಗಿ ಎಂದು ಒಪ್ಪಿಕೊಂಡ. "ತಪಾಸಣಿ ಸಾಹೇಬಗ ಅಂತ ಬರ್ದಿದ್ದೇನ್ರಿ, ಆಮ್ಯಾಲ ಎಲ್ಲಾರೂ ಕೈ ಮುಗ್ಯಾಕತ್ತಿದ್ರು, ನಾ ಏನ್ ಮಾಡ್ಲಿ?" ಎಂದ. ತಾನು ಬರೆದ ಸುಳ್ಳಿಗೆ ಊರು ಕೈ ಮುಗಿಯಿತೆಂದು ತಾನೂ ಮುಗಿದನಂತೆ. ಶೇಖಮ್ಮ ಅಲ್ಲೇ ಕುಸಿದು ಕೂತು ಅತ್ತಳು. ಅವಳಿಗಾದರೂ ಅಳು ಬಂತು.

ನಾನು ವಾಕರ್ ಹಿಡಿದು ಎದ್ದೆ. ಫ್ರಿಜ್ಜಿನಲ್ಲಿದ್ದ ಊಟವನ್ನೆಲ್ಲ ಹಿತ್ತಲಿನ ಕುಣಿಗೆ ಹಾಕಿಸಿದೆ, ಇಂಜೆಕ್ಷನ್ನುಗಳನ್ನು ಅದರಲ್ಲೇ ಬಿಟ್ಟು ಆ ಫ್ರಿಜ್ಜನ್ನು ನರ್ಸಮ್ಮನ ಕೋಣೆಗೆ ತಳ್ಳಿಸಿದೆ. ಉಪ್ಪಿನ ಡಬ್ಬಿಯ ಪಕ್ಕ ಅದೇ ಬಣ್ಣದ ಡಬ್ಬಿಯಲ್ಲಿ ಬ್ಲೀಚಿಂಗ್ ಪುಡಿ ಇತ್ತು, ಎರಡಕ್ಕೂ ಹೆಸರಿಲ್ಲ. ಇದು ನಿನ್ನ ಸಿಸ್ಟಮ್. ಗಾಜಿನ ಪಟ ಇಳಿಸಿ, ಚಂದಮ್ಮನ ಕೈಯಿಂದ ಕನ್ನಡದಲ್ಲಿ ಬರೆಸಿ ಅಂಟಿಸಿದ್ದೇನೆ. ಈ ಹೊತ್ತು ಮಾಡಿದ್ದು ಈ ಹೊತ್ತೇ ಉಣ್ಣಬೇಕು, ಉಳಿದದ್ದು ಒಳಗೆ ಇಡಕೂಡದು, ಡಬ್ಬಿಯ ಮೇಲೆ ಒಳಗಿರುವುದರ ಹೆಸರು ಮಾತ್ರ ಬರೆಯಬೇಕು, ದೇವರ ಹೆಸರು ಬರೆಯಕೂಡದು. ಚಂದಮ್ಮ ಬರೆಯುತ್ತ ಬರೆಯುತ್ತ ಅತ್ತಳು, ತಮ್ಮನ ಮಾನ ಹೋಯಿತೆಂದು. ಹೋಗಲು ಇದ್ದದ್ದೆಷ್ಟು ಎಂದು ಕೇಳಬೇಕೆಂದಿದ್ದೆ, ಅವಳ ಮುಖ ನೋಡಿ ಬಿಟ್ಟೆ. ಬಸವಂತ್ರಾಯನ ಕೀಲಿ ಗೊಂಚಲು ಈಗ ನನ್ನ ಸೆರಗಿನಲ್ಲಿದೆ.

ಮಕ್ಕಳು ಆರಾಮ ಇದ್ದಾರೆ. ನಿನ್ನ ಕೆಮ್ಮಿಗೆ ಮೆಣಸಿನ ಕಷಾಯ ಮಾಡಿಸಿಕೊಂಡು ಕುಡಿ. ಎಲ್ಲಿದ್ದರೂ ಹೊಟ್ಟೆ ತಣ್ಣಗಿರಲಿ, ನಿನ್ನ ಕೈಗುಣಕ್ಕೆ ಕುಂದು ಬರದಿರಲಿ ಎಂದು ಮಾತ್ರ ಈ ಸಲ ಹರಸುತ್ತೇನೆ, ಹೆಚ್ಚಿನದನ್ನು ಹರಸಲು ಮನಸ್ಸು ಬರುತ್ತಿಲ್ಲ.

ನಿನ್ನ ಅವ್ವ,
ದೇವಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಹಣಮಂತ್ರಾಯ ಬಂದ. ಕಲಬುರ್ಗಿಯಲ್ಲಿ ಅವ್ವನ ಹತ್ತಿರ ತಂಗಿಯನ್ನು ಕೂಡಿಸಿ ಬಂದಿದ್ದಾನೆ. ತಿಮ್ಮವ್ವನಿಗೆ ಇನ್ನೂ ಎಚ್ಚರವಿಲ್ಲ. ಹಣಮಂತ್ರಾಯನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಪ್ರಸಾದ ಕೊಡೇಕಲ್ಲಿನದೆಂದು ಬಸವಂತ್ರಾಯ ಅವನಿಗೂ ಹೇಳಿದ್ದನಂತೆ, ಕೈಯಲ್ಲಿಯ ದೋಷ ಕಳೆಯಲೆಂದು ಇಲ್ಲಿಂದ ಬರಿಗಾಲಲ್ಲಿ ಅಲ್ಲಿಗೆ ನಡೆಯುತ್ತಾನಂತೆ. "ಹಿರ್ಯಾರದೀರಿ ಅವ್ವಾರ, ಈ ಕೈಗೆ ಒಂದು ಆಶೀರ್ವಾದ ಮಾಡ್ರಿ" ಎಂದು ಅಂಗೈ ಚಾಚಿ ನಿಂತ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ. ಮೇಲೆ ಎಲ್ಲವನ್ನೂ ಬಸವಂತ್ರಾಯನ ತಲೆಗೆ ಕಟ್ಟಿ ಬರೆದಿದ್ದೇನಲ್ಲ, ನಿನ್ನೆ ಕೀಲಿ ಕಸಿದುಕೊಳ್ಳುವಾಗ ಅವನು ಇನ್ನೊಂದು ಮಾತು ಹೇಳಿದ್ದ. "ಮಾಮಾರ ಹೇಳಿ ಹೋಗ್ಯಾರ್ರಿ ಅತ್ತಿ, ತಪಾಸಣಿಯವ್ರು ಬಂದ್ರ ಇಭೂತಿ ಹಚ್ಚಿ ಪ್ರಸಾದ ಅಂತ ಬರಿ, ಯಾರೂ ಮುಚ್ಚಳ ತಗಿಯಂಗಿಲ್ಲ ಅಂದಿದ್ರು." ನಿನ್ನ ಹೆಸರು ತೆಗೆದದ್ದಕ್ಕೆ ಸುಳ್ಳುಬುರುಕ ಎಂದು ಬೈದು ಕಳಿಸಿದೆ. ಆಮೇಲೆ ನಮ್ಮ ಅಂಗಡಿ ನೆನಪಾಯಿತು. ನುಸಿ ಬಿದ್ದ ಜೋಳದ ಚೀಲಗಳಿಗೆ ನಿಮ್ಮಪ್ಪ ಇಭೂತಿ ಎಳೆದು, ದಾಸೋಹಕ್ಕೆ ತೆಗೆದಿಟ್ಟದ್ದು ಎಂದು ಸರ್ಕಾರಿ ಜನರನ್ನು ವಾಪಸು ಕಳಿಸುತ್ತಿದ್ದರಲ್ಲ, ಇಭೂತಿ ಗಟ್ಟಿ ಹಿಡಿದು ಪಕ್ಕದಲ್ಲಿ ನಗುತ್ತ ನಿಂತವನು ನೀನು. ಬಸವಂತ್ರಾಯನ ಮನೆತನದಲ್ಲಿ ಅಂಥ ಬುದ್ಧಿ ಇಲ್ಲ, ಅದು ನಮ್ಮ ಮನೆಯದು. ಹಣಮಂತ್ರಾಯನ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿದೆ. ಅವನು ಬೈಯಲಿಲ್ಲ, ಅಳಲಿಲ್ಲ. "ಡಾಕ್ಟರ್ ಸಾಹೇಬ್ರಿಗೆ ಗೊತ್ತಿತ್ತೇನ್ರಿ?" ಎಂದಷ್ಟೇ ಕೇಳಿದ. ಗೊತ್ತಿತ್ತು ಎಂದೆ. ಕೊಡೇಕಲ್ಲಿಗೆ ಹೋಗಲಿಲ್ಲ, ತಿರುಗಿ ತಾಯಿಯ ಹತ್ತಿರ ಹೋದ. ಆ ಕೈಯಲ್ಲಿ ದೋಷವಿಲ್ಲ ಎಂದು ನಾನು ಹೇಳಿದರೆ ಸಾಲದು, ನೀನು ಹೇಳಬೇಕು, ತಿಮ್ಮವ್ವ ಇರುವಾಗಲೇ ಹೇಳಬೇಕು. ಈ ಕಾಗದ ಮುಟ್ಟಿದ ದಿನವೇ ಹೊರಡು. ಯಾದಗಿರಿಗೆ ಟಿಕೆಟ್ ತೆಗೆಸಬೇಡ, ಮನೆಗೂ ಬರಬೇಡ. ರೈಲು ಮೊದಲು ಕಲಬುರ್ಗಿಗೆ ಬರುತ್ತದೆ. ಅಲ್ಲಿ ಇಳಿ.